ಬಿಸಿಯಾದರೆ ಮುನಿಯುವ ಲಾರಿ

ಡೀಸೆಲ್ ಪಂಪ್ ರಿಪೇರಿಯಲ್ಲಿ ಅವಳದು ಎತ್ತಿದ ಕೈ. ಅಪ್ಪನಿಂದ ಕಲಿತ ವಿದ್ಯೆ. ಅಪ್ಪ ಅಮ್ಮ ಇಟ್ಟ ಹೆಸರು ಜನರಿಗೆ ಮರೆತೇಹೋಗಿತ್ತು. ಎಲ್ಲರ ಬಾಯಲ್ಲೂ ಅವಳು ಪಂಪಕ್ಕ. ಎಂಜಿನ್ನಿಗೆ ಅಳೆದು ಅಳೆದು ಡೀಸೆಲ್ ಬಡಿಸುವ ಪಂಪನ್ನು ಬಿಚ್ಚಿ, ತೊಳೆದು, ಜೋಡಿಸಿ, ಪರೀಕ್ಷೆಯ ಬೆಂಚಿನ ಮೇಲೆ ಓಡಿಸಿ ನೋಡಿ, ಕೊನೆಗೆ ಸ್ಕ್ರೂ ಮೇಲೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದಳು. ಆ ಚುಕ್ಕೆ ಕಂಡ ಮೇಲೆ ಯಾವ ಮೆಕ್ಯಾನಿಕ್ಕೂ ಆ ಪಂಪಿಗೆ ಸ್ಪ್ಯಾನರ್ ಹಾಕುತ್ತಿರಲಿಲ್ಲ. ಒಬ್ಬ ಹಾಕಿದ್ದ. ಅವನಿಗೆ ಆದ ಮಂಗಳಾರತಿಯನ್ನು ಇಡೀ ಬೀದಿ ಕೇಳಿಸಿಕೊಂಡಿತ್ತು.

ಅವಳ ಮೈದುನನ ಹತ್ತಿರ ಒಂದು ಹಳೇ ಲಾರಿ ಇತ್ತು. ಸಿಮೆಂಟ್ ಮೂಟೆ ತುಂಬಿಕೊಂಡು ಗೋದಾಮಿಗೆ ಸಾಗಿಸುವುದು ಅವನ ಕೆಲಸ. ಬೆಳಿಗ್ಗೆ ತಣ್ಣಗಿದ್ದಾಗ ಲಾರಿ ಒಂದೇ ಕೀಗೆ ಎದ್ದು ನಿಲ್ಲುತ್ತಿತ್ತು. ಆದರೆ ಈಚೆಗೆ ಬಿಸಿಯಾದ ಮೇಲೆ ಆಫ್ ಮಾಡಿದರೆ ಕಥೆ ಮುಗಿಯಿತು, ಮುಕ್ಕಾಲು ಗಂಟೆ ಮುನಿಸು. ಹಾಗಾಗಿ ಅವನು ಆಫ್ ಮಾಡುವುದನ್ನೇ ಬಿಟ್ಟಿದ್ದ. ಚಹಾ ಕುಡಿಯುವಾಗಲೂ, ಊಟ ಮಾಡುವಾಗಲೂ ಲಾರಿ ರಸ್ತೆ ಬದಿ ಗುರುಗುಡುತ್ತಲೇ ಇರುತ್ತಿತ್ತು.

ಅಷ್ಟರಲ್ಲಿ ಗೋದಾಮಿನವರು ಹೊಸ ನಿಯಮ ತಂದರು: ತೂಕದ ಕಟ್ಟೆಯ ಮೇಲೆ ಎಂಜಿನ್ ಆಫ್ ಮಾಡಲೇಬೇಕು. ಮೊದಲ ದಿನ ಲಾರಿ ಕಟ್ಟೆಯ ಮೇಲೇ ಕೂತುಬಿಟ್ಟಿತು. ಎರಡನೇ ದಿನವೂ ಅದೇ ಪಾಡು. ಹಿಂದೆ ಇಪ್ಪತ್ತು ಲಾರಿಗಳು ಹಾರ್ನ್ ಹೊಡೆದು ಕಿವಿ ಕಿತ್ತುಹಾಕಿದವು. ಇನ್ನೊಂದು ಸಲ ನಿಂತರೆ ಬಾಡಿಗೆ ಲಾರಿಗಳ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇನೆ ಎಂದು ಸೂಪರ್‌ವೈಸರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮೈದುನನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ.

ಗ್ಯಾರೇಜಿನ ಮೇಸ್ತ್ರಿ ಬ್ಯಾಟರಿ ಬದಲಿಸಿದ, ಸ್ಟಾರ್ಟರ್ ಬಿಚ್ಚಿ ಜೋಡಿಸಿದ, ಫಿಲ್ಟರ್ ಹೊಸದು ಹಾಕಿದ. ಲಾರಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮೈದುನ ಅತ್ತಿಗೆಗೆ ಫೋನ್ ಮಾಡಿದ.

ಅವಳು ಬಂದಾಗ ಗ್ಯಾರೇಜಿನ ಅಂಗಳದಲ್ಲಿ ಐದಾರು ಜನ ಡ್ರೈವರುಗಳು ಆಗಲೇ ತಲೆಗೊಂದು ಸಲಹೆ ಕೊಡುತ್ತಿದ್ದರು. ಲಾರಿ ಆಗಷ್ಟೇ ಓಡಿ ಬಂದು, ಬಿಸಿಯಾಗಿ, ಬಾಯಿ ಮುಚ್ಚಿಕೊಂಡು ನಿಂತಿತ್ತು.

"ಕೀ ತಿರುಗಿಸೋ," ಅಂದಳು.

ಎಂಜಿನ್ ಗಿರ ಗಿರ ಚೆನ್ನಾಗಿಯೇ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಹಾಗಾದರೆ ಬ್ಯಾಟರಿ, ಸ್ಟಾರ್ಟರ್ ಎರಡರದ್ದೂ ತಪ್ಪಿಲ್ಲ. ಅವಳು ಹೊಗೆ ಕೊಳವೆಯ ಕಡೆ ನೋಡಿದಳು. ಒಂದೆಳೆ ಹೊಗೆಯೂ ಇಲ್ಲ. ಅಂದರೆ ಒಳಗೆ ಡೀಸೆಲ್ಲೇ ಹೋಗುತ್ತಿಲ್ಲ. ಅವಳ ಕಣ್ಣು ಪಂಪಿನ ಕಡೆ ಹೋಯಿತು.

"ಪಂಪ್ ಬಿಡಿ ಅಕ್ಕಾ, ಅದನ್ನ ನಾನು ಮುಟ್ಟೇ ಇಲ್ಲ," ಅಂದ ಮೇಸ್ತ್ರಿ, ಹೊಗಳುವ ದನಿಯಲ್ಲಿ. "ನಿಮ್ಮ ಚುಕ್ಕೆ ಇದೆಯಲ್ಲ."

ಇದೇ ಪಂಪನ್ನು ರಿಪೇರಿ ಮಾಡಿದ ನಾಲ್ಕು ತಿಂಗಳ ಹಿಂದಿನ ಆ ಮಧ್ಯಾಹ್ನ ಅವಳಿಗೆ ನೆನಪಾಯಿತು. ಪಂಪಿನೊಳಗೆ ತಿರುಗುವ ರೋಟರ್ ಮೇಲೆ ಸವೆದ ಗುರುತು ಸಣ್ಣದಾಗಿ ಕಂಡಿತ್ತು. ಇನ್ನೆರಡು ವರ್ಷ ಬರುತ್ತದೆ ಬಿಡು ಎಂದುಕೊಂಡಿದ್ದಳು. ಪಂಪನ್ನು ಕಾದ ಎಣ್ಣೆಯಲ್ಲಿ ಓಡಿಸಿ ನೋಡಬೇಕಿತ್ತು, ಆದರೆ ಬೆಂಚಿನ ಎಣ್ಣೆ ಕಾಯಲು ಮುಕ್ಕಾಲು ಗಂಟೆ ಬೇಕು. ಮೈದುನ ಬಾಗಿಲಲ್ಲಿ ನಿಂತು "ಬೇಗ ಅತ್ತಿಗೆ, ಬೇಗ" ಎಂದು ಜೀವ ತಿನ್ನುತ್ತಿದ್ದ. ತಣ್ಣನೆ ಎಣ್ಣೆಯಲ್ಲೇ ಓಡಿಸಿ ನೋಡಿ ಪಾಸು ಮಾಡಿದ್ದಳು. ತಣ್ಣನೆ ಎಣ್ಣೆ ಮಂದ, ಸವೆದ ಸಂದಿನಲ್ಲಿ ಸೋರುವುದಿಲ್ಲ. ಕಾದ ಡೀಸೆಲ್ ನೀರಿನಂತೆ ತೆಳ್ಳಗಾಗಿ ಸೋರಿಹೋಗುತ್ತದೆ. ಆಮೇಲೆ ಎಂಜಿನ್ನಿಗೆ ತಳ್ಳಲು ಪಂಪಿಗೆ ಒತ್ತಡವೇ ಸಾಲುವುದಿಲ್ಲ.

ಸುಮ್ಮನಿದ್ದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಇನ್ನೊಂದು ಸ್ಟಾರ್ಟರ್ ಹಾಕಿಸು ಅಂದಿದ್ದರೆ ಎಲ್ಲರೂ ಹೂಂಗುಟ್ಟುತ್ತಿದ್ದರು. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡೂ ತನ್ನ ಮೇಲೆಯೇ.

"ಒಂದು ಗೋಣಿಚೀಲ ನೆನೆಸಿ ತನ್ನಿ," ಅಂದಳು.

ಒದ್ದೆ ಗೋಣಿಯನ್ನು ಪಂಪಿಗೆ ಸುತ್ತಿ, ಅದರ ಮೇಲೆ ತಂಬಿಗೆಯಿಂದ ನಿಧಾನವಾಗಿ ತಣ್ಣೀರು ಸುರಿದಳು. "ಜ್ವರ ಬಂದಿದೆಯಾ ಅಕ್ಕಾ?" ಎಂದು ಡ್ರೈವರೊಬ್ಬ ಕಿಚಾಯಿಸಿದ. ಹತ್ತು ನಿಮಿಷ ಅವಳು ನೀರು ಸುರಿಯುತ್ತಲೇ ಇದ್ದಳು.

"ಈಗ ತಿರುಗಿಸು."

ಲಾರಿ ಒಂದೇ ಏಟಿಗೆ ಗುಡುಗಿತು. ಅಂಗಳದಲ್ಲಿ ಶಿಳ್ಳೆ, ಚಪ್ಪಾಳೆ. ಮೇಸ್ತ್ರಿ ಮಾತ್ರ ಪಂಪನ್ನೂ ಅವಳನ್ನೂ ನೋಡುತ್ತಾ ತಲೆ ಕೆರೆದುಕೊಂಡ. "ಅಕ್ಕಾ, ಹಾಗಿದ್ರೆ..."

"ಹೌದು ಮೇಸ್ತ್ರಿ. ರೋಗ ಪಂಪಿನದ್ದೇ. ತಪ್ಪು ನಂದು." ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆವತ್ತೇ ಪಂಪ್ ಬಿಚ್ಚಿದಳು. ಹೊಸ ರೋಟರ್, ಅದು ಕೂತು ತಿರುಗುವ ಹೊಸ ಹೆಡ್. ಎಣ್ಣೆ ಕಾಯುವ ತನಕ ಬೆಂಚಿನ ಮುಂದೆ ಕೈಕಟ್ಟಿ ಕೂತಳು. ಮೈದುನ ಬಾಗಿಲಲ್ಲಿ ಕಾಲು ಬದಲಿಸುತ್ತಿದ್ದ.

"ಅತ್ತಿಗೆ, ಸಾಕಲ್ವಾ?"

"ಬಾಯಿ ಮುಚ್ಕೊಂಡು ಕೂತ್ಕೋ. ಹೋದ ಸಲ ನಿನ್ನ ಮಾತು ಕೇಳಿಯೇ ಕೆಟ್ಟಿದ್ದು."

ಮರುದಿನ ಅವಳು ಲಾರಿಯಲ್ಲೇ ಗೋದಾಮಿಗೆ ಹೋದಳು. ಸುಡು ಬಿಸಿಲು, ಮೂವತ್ತು ಮೈಲಿ ಓಡಿ ಕಾದ ಎಂಜಿನ್. ತೂಕದ ಕಟ್ಟೆ ಹತ್ತಿದಾಗ ಸೂಪರ್‌ವೈಸರ್ ಪಟ್ಟಿ ಹಿಡಿದು ಹೊರಗೇ ನಿಂತಿದ್ದ, ಪೆನ್ನಿನ ಮುಚ್ಚಳ ತೆಗೆದಿದ್ದ. ಹಿಂದಿನ ಡ್ರೈವರುಗಳು ತಮಾಷೆ ನೋಡಲು ಇಳಿದೇ ಬಂದಿದ್ದರು. ಮೈದುನ ಆಫ್ ಮಾಡಿದ. ತೂಕದ ಚೀಟಿ ಬರುವ ತನಕ ಅವನ ಹಣೆಯಿಂದ ಬೆವರು ತೊಟ್ಟಿಕ್ಕಿತು.

ಚೀಟಿ ಬಂತು. ಕೀ ತಿರುಗಿತು. ಅರ್ಧ ಸುತ್ತಿಗೇ ಎಂಜಿನ್ ಎದ್ದಿತು.

ಮೈದುನ "ಹೋ!" ಎಂದು ಕಿರುಚಿ, ಸುಮ್ಮನಿರಲಾರದೆ ಮತ್ತೆ ಆಫ್ ಮಾಡಿದ, ಮತ್ತೆ ಸ್ಟಾರ್ಟ್ ಮಾಡಿದ. ಸೂಪರ್‌ವೈಸರ್ ಪೆನ್ನು ಜೇಬಿಗೆ ಸಿಕ್ಕಿಸಿ, "ಸಾಕು, ಮುಂದೆ ಹೋಗಯ್ಯಾ!" ಎಂದು ನಕ್ಕುಬಿಟ್ಟ.

"ಯಾರಯ್ಯಾ ಸರಿ ಮಾಡಿದ್ದು?" ಹಿಂದಿನಿಂದ ಒಬ್ಬ ಕೂಗಿದ.

"ನಮ್ಮತ್ತಿಗೆ!"

"ಕೆಡಿಸಿದ್ದು ಯಾರು ಮತ್ತೆ?"

ಮೈದುನ ತಡವರಿಸಿದ. ಪಂಪಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಇಪ್ಪತ್ತೂ ಲಾರಿಗಳಿಗೆ ಕೇಳುವ ಹಾಗೆ ಕೂಗಿದಳು:

"ಅದೂ ನಾನೇ ಕಣ್ರೋ!"