ತಂಗಿಯ ಎದೆ, ನನ್ನ ಉಡಿ

ನನ್ನ ತಂಗಿಗೆ ಎರಡು ಮಕ್ಕಳು. ನನಗೆ ಒಂದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲೆಲ್ಲ ಹೊಟ್ಟೆಕಿಚ್ಚೇ ಇರುತ್ತದೆ. ಅದನ್ನು ಮುಚ್ಚಿಟ್ಟು ಒಳ್ಳೆಯವಳ ಹಾಗೆ ಬರೆಯುವುದು ನನ್ನಿಂದಾಗದು.

ಅವಳ ಎರಡನೆಯ ಬಾಣಂತನ ಮಾಡಿದವಳು ನಾನೇ. ಅಮ್ಮನಿಗೆ ಮಂಡಿನೋವು. ಹಾಗಾಗಿ ತವರಿನ ಬಚ್ಚಲಲ್ಲಿ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ನೀರು ಹಾಕಿಸಿಕೊಳ್ಳುತ್ತಾ, ಕಣ್ಣು ಮುಚ್ಚಿಕೊಂಡೇ, "ಅಕ್ಕಾ, ಇನ್ನೊಂದು ಆದ್ರೆ ನಿನ್ನ ಉಡಿಗೇ ಹಾಕ್ತೀನಿ, ತಗಾ," ಅಂದಳು. ಹೊರಗೆ ನಿಂತಿದ್ದ ಅಮ್ಮ ಕೇಳಿಸಿಕೊಂಡಳು. ಸಂಜೆ ತಂಗಿ ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಾಗ, ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ನಮ್ಮ ಮನೆಯಲ್ಲಿ ಉಡಿ ತುಂಬಿದ ಮೇಲೆ ಮಾತು ಮಾತೇ. ನಾನು ನಂಬಿದೆ. ಅಂಜನಾಪುರದ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ನನ್ನ ಗಂಡ ಹೆಚ್ಚು ಮಾತಾಡುವವರಲ್ಲ. ಅವರೂ, ಮನೆಗೆ ಸುಣ್ಣ ಹೊಡೆಸುವಾಗ, ತೊಟ್ಟಿಲು ಕಟ್ಟುವ ಕೊಂಡಿಯನ್ನು ಕೀಳಲು ಬಿಡಲಿಲ್ಲ. "ಇರ್ಲಿ ಬಿಡು, ಬೇಕಾಗ್ತೈತಿ," ಅಂದರು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಸೊರಬದಿಂದ ತಂಗಿಯ ಫೋನು.

"ಅಕ್ಕಾ, ಎದೆ ಎತ್ತಿಸ್ಕೊಬೇಕು ಅಂತ ಮಾಡೀನಿ. ಆಪರೇಷನ್ನು. ಶಿವಮೊಗ್ಗದಾಗೆ ಡಾಕ್ಟ್ರನ್ನ ಕೇಳಾಕೆ ಹೊಂಟೀನಿ, ನೀನೂ ಬಾ."

"ಅಯ್ಯೋ, ಏನೇ ನಿನ್ನ ಹುಚ್ಚು! ನಿಮ್ಮ ಯಜಮಾನ್ರು ಏನಾರ ಅಂದ್ರಾ?"

"ಅವ್ರೇನೂ ಅಂದಿಲ್ಲ. ನಂಗೇ ಬೇಕು. ಎರಡು ಮಕ್ಕಳು ಹಾಲು ಕುಡಿದು ಹೊಟ್ಟೆವರೆಗೂ ಜೋತಾವೆ. ಬೇಸಿಗೇಲಿ ಕೆಳಗೆ ಬೆವರಿ ಹುಣ್ಣಾಗ್ತೈತಿ. ಕನ್ನಡಿ ನೋಡಾಕೇ ಮನಸಿಲ್ಲ. ನಿನ್ನವು ನೋಡು, ಮದುವೇಲಿ ಇದ್ದಂಗೇ ಇದಾವೆ. ಪುಣ್ಯವಂತೆ!"

ಪುಣ್ಯವಂತೆಯಂತೆ! ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುವುದು ಇದಕ್ಕೇ. ಅವಳ ಆ ಜೋತ ಎದೆಯನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿದಿದೆ. ಕೂಸು ಪಕ್ಕದ ಕೋಣೆಯಲ್ಲಿ ಅತ್ತರೆ ಸಾಕು, ಇವಳ ರವಿಕೆ ಒದ್ದೆಯಾಗುತ್ತಿತ್ತು. ನನ್ನದು ಯಾರಿಗೂ ಬೇಕಾಗದೆ ಉಳಿದದ್ದಕ್ಕೆ ಪುಣ್ಯವೆಂಬ ಹೆಸರು ಬೇರೆ! ಫೋನಿಟ್ಟವಳು ಅಂದು ಸಾರಿಗೆ ಉಪ್ಪು ಹಾಕುವುದನ್ನೂ ಮರೆತೆ.

ಆದರೂ ಹೋದೆ. ಸೊರಬದ ಬಸ್ಸು ನಮ್ಮ ಶಿಕಾರಿಪುರಕ್ಕೆ ಬಂದಾಗ ತಂಗಿ ನನಗಾಗಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಕಾದಿದ್ದಳು. ಡಾಕ್ಟರು ಇವಳನ್ನು ಹೆದರಿಸಿ ಕಳಿಸಲಪ್ಪಾ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಎದೆ ಎತ್ತಿಸಿಕೊಂಡ ಮೇಲೆ ಇವಳು ಮತ್ತೆ ಹೆರುತ್ತಾಳೆಯೇ? ನನ್ನ ಕೂಸು ಎಲ್ಲಿಂದ ಬರಬೇಕು?

ಡಾಕ್ಟರು ಹೆಂಗಸು, ನಮ್ಮಿಬ್ಬರಿಗಿಂತ ಚಿಕ್ಕವರು. ಹೆದರಿಸಲೂ ಇಲ್ಲ, ಆಸೆ ತೋರಿಸಲೂ ಇಲ್ಲ.

"ಇದ್ರಿಂದ ಎದೆ ದೊಡ್ಡದಾಗಲ್ಲ ಕಣ್ರೀ. ಹೆಚ್ಚಾದ ಚರ್ಮ ತೆಗೆದು ಮೇಲಕ್ಕೆ ಕೂರಿಸ್ತೀವಿ, ಅಷ್ಟೇ. ಗಾಯದ ಗೆರೆ ಮಸುಕಾಗುತ್ತೆ, ಪೂರ್ತಿ ಹೋಗಲ್ಲ. ತೊಟ್ಟಿನ ಹತ್ರ ಕೆಲವರಿಗೆ ಸ್ಪರ್ಶ ಗೊತ್ತಾಗೋದು ಕಡಿಮೆಯಾಗುತ್ತೆ. ವಯಸ್ಸಾಗ್ತಾ ಮತ್ತೆ ಸ್ವಲ್ಪ ಇಳಿಯುತ್ತೆ. ಹೊಗೆಸೊಪ್ಪು ಹಾಕ್ತೀರಾ?"

"ಎಲೆಅಡಿಕೆ ಜೊತೆಗೆ ಒಂಚೂರು," ಅಂದಳು ತಂಗಿ, ಬಾಯಿಗೆ ಸೆರಗು ಅಡ್ಡ ಹಿಡಿದು.

"ಬಿಡಬೇಕು. ಇಲ್ಲಾಂದ್ರೆ ಗಾಯ ಬೇಗ ಮಾಯಲ್ಲ."

"ಇವತ್ತೇ ಬಿಟ್ಟೆ ತಗಳ್ರೀ."

ವರ್ಷಗಟ್ಟಲೆ ನಾನು ಬೈದರೂ ಬಿಡದವಳು! ಆ ಡಾಕ್ಟರ ಮೇಲೂ ನನಗೆ ಉರಿ ಹತ್ತಿತು.

"ಇನ್ನೊಂದು ವಿಷಯ," ಅಂದರು ಡಾಕ್ಟರು. "ಮತ್ತೆ ಬಸುರಾದ್ರೆ ಮಾಡಿದ್ದೆಲ್ಲ ಕೆಡಬಹುದು, ಹಾಲೂಡಿಸೋದೂ ಕಷ್ಟ ಆಗಬಹುದು. ಇನ್ನೊಂದು ಮಗು ಬೇಕು ಅಂತಿದ್ರೆ, ಅದು ಆದ ಮೇಲೇ ಬನ್ನಿ."

ಮನಸ್ಸಿನಲ್ಲೇ ಅವರ ಕಾಲಿಗೆ ಬಿದ್ದೆ.

"ಇಲ್ಲ ರೀ ಡಾಕ್ಟ್ರೇ, ಎರಡೇ ಸಾಕು. ಅದೆಲ್ಲ ಮುಗೀತು," ಅಂದಳು ತಂಗಿ. ನನ್ನ ಕಡೆ ನೋಡಲೂ ಇಲ್ಲ.

ಡಾಕ್ಟರು ತಲೆಯಾಡಿಸಿದರು. "ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತಬಾರದು, ಕೈ ಮೇಲೆತ್ತಿ ತಲೆ ಬಾಚೋದೂ ಬೇಡ. ನೋಡ್ಕೊಳ್ಳೋಕೆ ಯಾರಿದಾರೆ?"

"ಅಕ್ಕ ಇದಾಳಲ್ಲ! ಅವಳಿಗೇನು, ಮಕ್ಕಳಾ ಮರಿಯಾ? ಬಂದಿರ್ತಾಳೆ."

ತಡೆಯಲಾಗಲಿಲ್ಲ. "ನಂಗೊಂದು ಕೊಡ್ತೀನಿ ಅಂದಿದ್ಲು ಡಾಕ್ಟ್ರೇ ಇವಳು," ಅಂದೆ. ದನಿ ಜೋರಾಗಿಯೇ ಬಂತು. ಬಾಗಿಲ ಬಳಿಯಿದ್ದ ನರ್ಸ್ ತಿರುಗಿ ನೋಡಿದಳು.

ತಂಗಿ ಈಗ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ನಾಟಕವಿರಲಿಲ್ಲ. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದಳು.

"ಏನಕ್ಕಾ ಕೊಡ್ತೀನಿ ಅಂದಿದ್ದೆ?" ಎಂದಳು. "ಆ ಹಸಿರು ಸೀರೆನಾ?"