ಬೋಳು ನೆತ್ತಿಯ ತೆನೆಗಳು

ಗುಬ್ಬಿಗಳು ತಿನ್ನಲೆಂದು ಪಡಸಾಲೆಯಲ್ಲಿ ಕಟ್ಟಲು ನಮ್ಮವರು ನಿನ್ನೆ ಹೊಲದಿಂದ ನಾಲ್ಕು ಜೋಳದ ತೆನೆ ತಂದರು. ನೆತ್ತಿಯಿಂದ ಬುಡದವರೆಗೆ ಸೂಜಿ ತೂರದಷ್ಟು ಕಾಳು. ನೋಡಿದರೆ ಸಂತೋಷವಾಗಬೇಕು, ನನಗೆ ಸಿಟ್ಟು ಬಂತು. ನೀವು ನಗಬಹುದು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಮೆಲ್ಲಗೆ ಮಾತಾಡುವುದನ್ನು ಎಷ್ಟು ಚೆನ್ನಾಗಿ ಕಲಿಸಿದ್ದಾರೆಂದರೆ, ನಾನು ಸಿಟ್ಟಾದರೆ ಮನೆಯವರಿಗೆ ನನಗೆ ತಲೆನೋವು ಬಂದಂತೆ ಕಾಣುತ್ತದೆ.

ನಾನು ಮದುವೆಯಾಗಿ ಆಲಮೇಲದ ಹತ್ತಿರದ ಈ ಊರಿಗೆ ಬಂದ ವರ್ಷ ಮಾವನವರು ಬೀಜದ ಜೋಳ, ಅಂದರೆ ಬಿತ್ತನೆ ಬೀಜಕ್ಕೆಂದೇ ಬೆಳೆಯುವ ಹೈಬ್ರಿಡ್ ಜೋಳ, ಹಾಕಿದ್ದರು. ಅದರಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಗಂಡಿನ ಹೂಪುಡಿ ಹಾರಿಬಂದು ಕೂತರಷ್ಟೇ ಹೆಣ್ಣು ತೆನೆಯಲ್ಲಿ ಕಾಳು. ಗಂಡು ತಡವಾಗಿ ಹೂ ಬಿಡುತ್ತದೆ, ಅದನ್ನು ಎಂಟು ದಿನ ಮೊದಲೇ ಬಿತ್ತಿರಿ ಎಂದು ಬೀಜ ಕೊಟ್ಟವರು ಹೇಳಿದ್ದರು. ಮಾವನವರು ಕೇಳಲಿಲ್ಲ.

"ಬಿತ್ತೋ ಕೂರಿಗಿ ಪೂಜಿ ವರ್ಷಕ್ಕ ಒಮ್ಮೆ. ಎರಡು ಸಲ ಉಡಿ ತುಂಬಾಕ ಅದಕ್ಕೇನು ಎರಡನೇ ಮದುವಿ ಐತೇನು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದೇ ದಿನ ಎಲ್ಲ ಬಿತ್ತಿದರು.

ಜೋಳದ ತೆನೆ ನೆತ್ತಿಯಿಂದ ಕೆಳಕ್ಕೆ ದಿನಕ್ಕಿಷ್ಟು ಅರಳುತ್ತದೆ. ಹೆಣ್ಣು ಸಾಲು ಅರಳಿದ ಬೆಳಿಗ್ಗೆ ಬುತ್ತಿ ತಗೊಂಡು ಹೋಗಿದ್ದೆ. ಗಂಡು ಸಾಲಿನ ನಡುವೆ ಹಾದರೂ ಸೆರಗಿಗೆ ಹಳದಿ ಪುಡಿ ಹತ್ತಲಿಲ್ಲ. ಬೆರಕೆ ಗಿಡ ಕೀಳಲು ಬಂದಿದ್ದ ಶಾಂತವ್ವ, ಗಂಡ ತೀರಿದ ಹೆಂಗಸು, ನಕ್ಕಳು. "ಗಂಡು ಇನ್ನೂ ಮಲಗೇತ್ರಿ ಅಕ್ಕಾರ. ಹೆಣ್ಣು ಒಂದ ಸಿಂಗಾರ ಮಾಡ್ಕೊಂಡು ಕುಂತೈತಿ."

ಗಂಡು ಏಳುವಷ್ಟರಲ್ಲಿ ನೆತ್ತಿಯ ಹೂಗಳು ಕಾದು ಕಾದು ಒಣಗಿದ್ದವು. ನಡುವಿನ ಹೂಗಳಿಗೆ ಪುಡಿ ತಡವಾಗಿ ಸಿಕ್ಕಿ, ಸಾಸಿವೆಯಂಥ ಸಣಕಲು ಕಾಳು. ಬುಡದಲ್ಲಿ ಮಾತ್ರ ತುಂಬಿದವು.

ಮಾವನವರು ಬೋಳು ತೆನೆಯನ್ನು ಅಂಗಳಕ್ಕೆ ಎಸೆದರು. "ಹೂ ಬಿಟ್ಟ ಹೊಲದಾಗ ಮುಂಡಿ ಹೊಕ್ಕರ ಮತ್ತೇನಾಗತೈತಿ?"

ಶಾಂತವ್ವ ಅಲ್ಲೇ ನಿಂತಿದ್ದಳು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಅವತ್ತಿನಿಂದ ನಮ್ಮ ಹೊಲದಲ್ಲಿ ಅವಳಿಗೆ ಕೆಲಸವಿಲ್ಲ. ಜೋಳ ಹೂ ಬಿಟ್ಟಾಗ ಊರಿನ ಬೇರೆಯವರೂ ಕರೆಯುವುದಿಲ್ಲ.

ಇಷ್ಟು ವರ್ಷಗಳ ಮೇಲೆ, ಬರುವ ಹಂಗಾಮಿಗೆ ಮತ್ತೆ ಬೀಜದ ಜೋಳ ಹಾಕುತ್ತಾರಂತೆ. ನಿನ್ನೆ ಊಟಕ್ಕೆ ಕೂತು ಮಾವನವರು ಮಗನಿಗೆ, "ಆಕೀನ್ನ ಮಾತ್ರ ಕರೀಬ್ಯಾಡ" ಅಂದರು. ನನ್ನ ಕೈಯಲ್ಲಿ ಸೌಟಿತ್ತು.

"ತಪ್ಪು ನಿಮ್ಮದರಿ ಮಾವಾರ. ಗಂಡು ಸಾಲು ಎಂಟು ದಿನ ಮೊದಲ ಬಿತ್ತಲಿಲ್ಲ ನೀವು."

ನಮ್ಮವರು ಪಲ್ಯ ಕೇಳಿದರು. ನಾನು ಬಡಿಸಲಿಲ್ಲ.

ಇವತ್ತು ಶಾಂತವ್ವನ ಮನೆಗೆ ಹೋಗಿ ಅದನ್ನೇ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಂಗೊತ್ತಿತ್ರಿ ಅಕ್ಕಾರ," ಅಂದಳು. "ನಿಮಗ ಗೊತ್ತೈತಿ ಅನ್ನೋದೂ ಗೊತ್ತಿತ್ತು. ಹೇಳ್ತೀರಿ ಅಂತ ಅವತ್ತ ನಿಮ್ಮ ಅಂಗಳದಾಗ ಭಾಳ ಹೊತ್ತು ನಿಂತಿದ್ನಿ."