ನನ್ನ ಎಡಗಿವಿಯ ಸಾಕ್ಷಿ

ನಮ್ಮ ಯಜಮಾನರು ಕುಡಿತ ಬಿಟ್ಟು ಯೇಸುವನ್ನು ನಂಬಿದ ಮೇಲೆ ನಿಜಕ್ಕೂ ಬದಲಾದರು. ಈಗ ಬೆಳಗ್ಗೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕುವವರು ಅವರೇ. ಆದರೆ ಪಾಂಡವಪುರದ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ: "ಕುಡ್ದು ಬಂದು ಎಂಡ್ತಿ ಕಿವಿ ಕಿವುಡಾಗೋ ಅಂಗೆ ಒಡ್ದಿದ್ದೆ. ಅಂಥೋನ್ನೂ ಕರ್ತ ಕ್ಷಮಿಸ್ಬುಟ್ಟ!"

ಜನ ಕಣ್ಣೊರೆಸಿಕೊಂಡು "ಸ್ತೋತ್ರ" ಅನ್ನುತ್ತಾರೆ. ಕೇಳದ ಆ ಎಡಗಿವಿ ಹೊತ್ತು ನಾನೂ ಅಲ್ಲೇ ಕೂತಿರುತ್ತೇನೆ. ಒಬ್ಬರಾದರೂ ನನ್ನತ್ತ ತಿರುಗಿ ನೋಡಿದ್ದಿಲ್ಲ.

ಹೋದ ಭಾನುವಾರ ತಡೆಯಲಾಗಲಿಲ್ಲ. ತಲೆ ಮೇಲಿನ ಸೆರಗು ಸರಿಮಾಡಿಕೊಂಡು ನಾನೂ ಎದ್ದು ನಿಂತೆ.

"ನಂದೂ ಒಂದು ಸಾಕ್ಷಿ ಐತೆ. ಇವ್ರು ದೇವ್ರತ್ರ ಕ್ಷಮೆ ಕೇಳವ್ರೆ. ಏಟು ತಿಂದೋಳು ನಾನು. ನನ್ನತ್ರ ಇವತ್ಗೂ ಕೇಳಿಲ್ಲ."

ಆವತ್ತು ಯಾರೂ ಸ್ತೋತ್ರ ಅನ್ನಲಿಲ್ಲ.